ಮಂಡಕಳ್ಳಿ: ಫ್ಲೈಟ್ ನಿಂತರೂ ನಿಲ್ಲದ ರನ್‌ವೇ

ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದರೆ ಸುಮಾರು ಹತ್ತು ಕಿಲೋಮೀಟರ್‌ಗೆ ಮಂಡಕಳ್ಳಿ. ರಸ್ತೆ ಪಕ್ಕದಲ್ಲೇ ವಿಮಾನ ನಿಲ್ದಾಣ. "ಇಲ್ಲಿಂದ ಈಗ ಎಲ್ಲಿಗೆ ಫ್ಲೈಟ್ ಇದೆ?" ಅಂತ ಮೈಸೂರಿನವರನ್ನೇ ಕೇಳಿ. "ಗೊತ್ತಿಲ್ಲಪ್ಪ, ಆ್ಯಪ್‌ನಲ್ಲಿ ನೋಡ್ಬೇಕು" ಅನ್ನೋರೇ ಹೆಚ್ಚು. ಅದು ಅವರ ತಪ್ಪಲ್ಲ. ಈ ನಿಲ್ದಾಣದಲ್ಲಿ ಫ್ಲೈಟ್ ಶುರುವಾದಷ್ಟೇ ಸಲ ನಿಂತೂ ಇವೆ.

ಸಂಸ್ಥಾನದ ಕಾಲದ ಮೈದಾನ

ಇದು ಹೊಸ ನಿಲ್ದಾಣವೇನೂ ಅಲ್ಲ. 1940ರ ಹೊತ್ತಿಗೆ ಮೈಸೂರು ಸಂಸ್ಥಾನವೇ ಮಾಡಿಸಿದ್ದು. ಸ್ವಾತಂತ್ರ್ಯದ ನಂತರ ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆಯ ಕೈಗೆ ಬಂತು. 1985ರಲ್ಲಿ ವಾಯುದೂತ್ ಸಂಸ್ಥೆ ಪುಟ್ಟ ಡಾರ್ನಿಯರ್ ವಿಮಾನದಲ್ಲಿ ಬೆಂಗಳೂರಿಗೆ ಹಾರಾಟ ಶುರು ಮಾಡಿತು. ಜನ ಹತ್ತಲಿಲ್ಲ, 1990ರಲ್ಲಿ ನಿಂತಿತು. ಆಮೇಲೆ ಕೆಲ ವರ್ಷ ವಾಯುಪಡೆ ಇಲ್ಲಿ ತರಬೇತಿ ವಿಮಾನ ಹಾರಿಸಿತು.

2010ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯ್ತು. ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಮರುವರ್ಷವೇ ನಿಲ್ಲಿಸಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ಉಳಿಯಲಿಲ್ಲ. ಕೇಂದ್ರದ ಉಡಾನ್ ಯೋಜನೆಯಡಿ 2017ರಲ್ಲಿ ಚೆನ್ನೈಗೆ ವಿಮಾನ ಹಾರಿದಾಗ ಮತ್ತೆ ಆಸೆ ಚಿಗುರಿತು.

ಯಾಕೆ ಹೀಗೆ?

ಮೊದಲ ಕಾರಣ ದೂರ. ನೀವೇ ಲೆಕ್ಕ ಹಾಕಿ. ಬೆಂಗಳೂರಿಗೆ ಹಾರೋದಕ್ಕೆ ಮುಕ್ಕಾಲು ಗಂಟೆಯೂ ಬೇಡ. ಆದರೆ ಒಂದು ಗಂಟೆ ಮೊದಲೇ ಮಂಡಕಳ್ಳಿಯಲ್ಲಿರಬೇಕು, ಇಳಿಯೋದು ದೇವನಹಳ್ಳಿಯಲ್ಲಿ, ಅಲ್ಲಿಂದ ಊರೊಳಗೆ ಬರೋದು ಇನ್ನೊಂದು ಪ್ರಯಾಣ. ಅಷ್ಟರಲ್ಲಿ ರೈಲು ಮೆಜೆಸ್ಟಿಕ್ ಮುಟ್ಟಿರುತ್ತೆ! ದೇವನಹಳ್ಳಿಯಿಂದ ಮುಂದಿನ ಫ್ಲೈಟ್ ಹಿಡಿಯೋರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬೇರೆ ಬಂತು.

ಎರಡನೆಯದು ರನ್‌ವೇ. ಉದ್ದ 1,740 ಮೀಟರ್. ಎಟಿಆರ್ ಥರದ ಪ್ರೊಪೆಲರ್ ವಿಮಾನಕ್ಕೆ ಇಷ್ಟು ಸಾಕು. ಏರ್‌ಬಸ್, ಬೋಯಿಂಗ್ ತುಂಬಿಕೊಂಡು ಏರಬೇಕಾದರೆ ಎರಡು ಕಿಲೋಮೀಟರ್‌ಗೂ ಹೆಚ್ಚು ಬೇಕು. ಅಂದರೆ ದೆಹಲಿ, ಮುಂಬೈಗೆ ಹೋಗುವ ದೊಡ್ಡ ಜೆಟ್‌ಗೆ ಜಾಗವಿಲ್ಲ, ಸಣ್ಣ ವಿಮಾನಕ್ಕೆ ಬೆಂಗಳೂರು ತೀರಾ ಹತ್ತಿರ. 2,750 ಮೀಟರ್‌ಗೆ ವಿಸ್ತರಿಸುವ ಯೋಜನೆ ವರ್ಷಗಳಿಂದ ಇದೆ. ಅಡ್ಡ ಇರೋದು ಅದೇ ನಂಜನಗೂಡು ರಸ್ತೆ ಮತ್ತು ರೈಲು ಹಳಿ. ರಸ್ತೆಯನ್ನು ರನ್‌ವೇ ಅಡಿಯಲ್ಲೇ ಹಾಯಿಸುವ ಯೋಚನೆಯೂ ನಡೆದಿತ್ತು.

ಮೇಲೆ ಸುತ್ತೋದು ಯಾರು?

ಹಾಗಾದ್ರೆ ನಿಲ್ದಾಣ ವೇಸ್ಟಾ? ತಲೆ ಎತ್ತಿ ನೋಡಿ. ಪುಟ್ಟ ವಿಮಾನವೊಂದು ಸುತ್ತು ಹೊಡೆದು, ರನ್‌ವೇಗೆ ಚಕ್ರ ತಾಗಿಸಿ, ನಿಲ್ಲದೆ ಮತ್ತೆ ಏರುತ್ತೆ. ಅದು ಪೈಲಟ್ ಆಗಲು ಹೊರಟವರ ಅಭ್ಯಾಸ. ಇಲ್ಲಿ ವೈಮಾನಿಕ ತರಬೇತಿ ಶಾಲೆ ಇದೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿಸಬೇಕು.

ದೇವನಹಳ್ಳಿಯಂಥ ಕಡೆ ಈ ಪಾಠ ಸುಲಭವಲ್ಲ. ಅಲ್ಲಿ ಜೆಟ್‌ಗಳು ಒಂದರ ಹಿಂದೆ ಒಂದು ಇಳಿಯುತ್ತವೆ. ನಿಧಾನವಾಗಿ ಬರುವ ತರಬೇತಿ ವಿಮಾನ ಆ ಸಾಲಿನಲ್ಲಿ ತೂರಿದರೆ ಎಲ್ಲರೂ ಕಾಯಬೇಕು. ದೊಡ್ಡ ವಿಮಾನ ಎಬ್ಬಿಸಿ ಹೋದ ಗಾಳಿಸುಳಿ ಚಿಕ್ಕದನ್ನು ಮಗುಚಿಬಿಡಬಲ್ಲದು. ಹೊಸಬರಿಗೆ ಬೇಕಾದ್ದು ಖಾಲಿ ಆಕಾಶ, ಬಿಡುವಾಗಿರುವ ರನ್‌ವೇ. ಪ್ರಯಾಣಿಕರ ಕಣ್ಣಿಗೆ ಮಂಡಕಳ್ಳಿಯ ಕೊರತೆ ಅನ್ನಿಸೋದೇ ಕಲಿಯುವವರಿಗೆ ಅನುಕೂಲ.

ಬೆಂಗಳೂರಿನ ಜಕ್ಕೂರು ತರಬೇತಿ ಮೈದಾನವೂ ಒಂದು ಕಾಲಕ್ಕೆ ಊರಾಚೆಯೇ ಇತ್ತು. ಈಗ ಸುತ್ತ ಕಟ್ಟಡಗಳು, ಪಕ್ಕದಲ್ಲಿ ಹೆದ್ದಾರಿ. ಊರು ಬೆಳೆದು ಸುತ್ತುವರಿದ ಮೇಲೆ ಇಂಥ ಜಾಗವನ್ನು ಮತ್ತೆ ಹುಟ್ಟಿಸೋಕೆ ಆಗಲ್ಲ.

ರನ್‌ವೇ ಉದ್ದವಾಗಲಿ, ಮೈಸೂರಿನಿಂದಲೇ ದೆಹಲಿಗೆ ಹಾರುವಂತಾಗಲಿ. ಯಾರಿಗೆ ಬೇಡ? ಆದರೆ ಆ ದಿನ ಬಂದಾಗ ಪುಟ್ಟ ವಿಮಾನಗಳಿಗೂ ಒಂದು ಮೂಲೆ, ದಿನದಲ್ಲಿ ಒಂದಿಷ್ಟು ಹೊತ್ತು ಉಳಿಸಿಡಬೇಕು. ಈ ರನ್‌ವೇ ಮೇಲೆ ಚಕ್ರ ತಾಗಿಸಿ ಕಲಿತವರೇ ನಾಳೆ ನಿಮ್ಮ ಫ್ಲೈಟ್‌ನ ಕಾಕ್‌ಪಿಟ್‌ನಲ್ಲಿ ಕೂತಿರಬಹುದು.