ಶಾಲೆಯಲ್ಲಿ ಕಂಪ್ಯೂಟರ್ ವೈರಸ್ ಬಗ್ಗೆ ಅಪಾಯವಿಲ್ಲದೆ ಕಲಿಸುವುದು ಹೇಗೆ?

ವೈರಸ್ ಪಾಠಕ್ಕೆ ನಿಜವಾದ ವೈರಸ್ ಬೇಕಿಲ್ಲ. ಶಾಲೆಯ ಲ್ಯಾಬಿಗೆ ಅದನ್ನು ತರಲೂಬಾರದು. ಅದರ ಬದಲು ‘ಐಕಾರ್’ ಎಂಬ ಪರೀಕ್ಷಾ ಫೈಲ್ ಇದೆ: 68 ಅಕ್ಷರ, ಚಿಹ್ನೆಗಳ ಒಂದೇ ಸಾಲು. ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ಸೇವ್ ಮಾಡಿದರೆ ಆಂಟಿವೈರಸ್ ಅದನ್ನು ವೈರಸ್ಸೆಂದೇ ಹಿಡಿಯುತ್ತದೆ. ಹಾನಿ ಮಾತ್ರ ಏನೂ ಇಲ್ಲ. ಆಂಟಿವೈರಸ್ ತನಗೆ ಗೊತ್ತಿರುವ ಗುರುತುಗಳನ್ನು ಹುಡುಕುತ್ತದೆ, ಹೊಸ ವೈರಸ್ ಕೆಲವೊಮ್ಮೆ ತಪ್ಪಿಸಿಕೊಳ್ಳುವುದು ಅದಕ್ಕೇ ಎಂಬುದು ಮಕ್ಕಳಿಗೆ ಕಣ್ಣೆದುರೇ ತಿಳಿಯುತ್ತದೆ.

ಬೆಂಗಳೂರಿನ ಯಲಹಂಕ, ಆರ್.ಟಿ. ನಗರದ ಮಕ್ಕಳಿಗೆ ಇನ್ನೂ ಹತ್ತಿರದ ಅಪಾಯ ಮನೆಯವರ ಮೊಬೈಲಿನಲ್ಲಿದೆ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ನೋಟಿಸ್ ಎಂದು ವಾಟ್ಸ್‌ಆ್ಯಪ್‌ಗೆ ಬಂದ ಫೈಲಿನ ಹೆಸರು ‘ಎಪಿಕೆ’ ಎಂದು ಮುಗಿದರೆ ಅದು ಚಿತ್ರವಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳರ ಕೈ ಸೇರುತ್ತದೆ. ಪಾಠಕ್ಕೆ ಇಂಥ ಸಂದೇಶದ ಸ್ಕ್ರೀನ್‌ಶಾಟ್ ಸಾಕು, ಫೈಲ್ ಬೇಡ.

ಬೇರೆಯವರ ಕಂಪ್ಯೂಟರಿಗೆ ಬೇಕೆಂದೇ ವೈರಸ್ ಬಿಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 3 ವರ್ಷದವರೆಗೆ ಸೆರೆವಾಸದ ಅಪರಾಧ. ಹೈಸ್ಕೂಲಿನವರಿಗೆ ಇದನ್ನು ಮೊದಲ ಪಾಠದಲ್ಲೇ ಹೇಳಬೇಕು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡಿರುವ ರಾಜ್ಯ ಸರ್ಕಾರದ ‘ಸೈಸೆಕ್‌ಕೆ’ ಸೈಬರ್ ಭದ್ರತಾ ಕೇಂದ್ರಕ್ಕೆ ಜಾಗೃತಿ ಮೂಡಿಸುವುದೂ ಒಂದು ಹೊಣೆ. ಶಿಕ್ಷಕರು ಅಲ್ಲಿ ವಿಚಾರಿಸಬಹುದು. ಇಂಥ ಮೋಸದಲ್ಲಿ ಹಣ ಹೋದರೆ ತಡಮಾಡದೆ ಕರೆ ಮಾಡಬೇಕಾದ ಸಹಾಯವಾಣಿ 1930.