ಸಮ್ಮೋಹನದಲ್ಲಿ ಮಿದುಳು ಮಲಗುತ್ತದೆಯೇ?

ಪ್ರಶ್ನೆ: ಜಾತ್ರೆಯಲ್ಲಿ ಜಾದೂಗಾರ ಒಬ್ಬನನ್ನು ಕಣ್ಣಲ್ಲೇ ಮಲಗಿಸಿಬಿಟ್ಟ. ವೈದ್ಯರು ಮಾಡುವ ಸಮ್ಮೋಹನವೂ ಇದೇ ತಾನೇ?
– ಓದುಗರು, ಮಧುಗಿರಿ

ಉತ್ತರ: ಅಲ್ಲ. ಜಾತ್ರೆಯಲ್ಲಿ ಅರ್ಧ ಕೆಲಸ ಜನರ ಚಪ್ಪಾಳೆಯದು, ಉಳಿದರ್ಧ ಮುಂದೆ ಬಂದವನ ಹುರುಪಿನದು. ಚಿಕಿತ್ಸೆಯಲ್ಲಿ ರೋಗಿ ನಿದ್ದೆ ಮಾಡುವುದಿಲ್ಲ. ಗಮನ ಒಂದೇ ಕಡೆ ನೆಟ್ಟಿರುತ್ತದೆ, ಮಾತು ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಎದ್ದು ಹೋಗಬಹುದು.

1997ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಸಮ್ಮೋಹಿತರ ಕೈಯನ್ನು ನೋವಾಗುವಷ್ಟು ಬಿಸಿ ನೀರಿನಲ್ಲಿಡಿಸಿ, ನೋವು ಅಷ್ಟೇನೂ ಕಾಡುತ್ತಿಲ್ಲವೆಂದು ಸೂಚಿಸಿ, ಮಿದುಳಿನ ಸ್ಕ್ಯಾನ್ ತೆಗೆದರು. ಬಿಸಿಯನ್ನು ಗುರುತಿಸುವ ಭಾಗ ಹೆಚ್ಚುಕಡಿಮೆ ಎಂದಿನಂತೆಯೇ ಇತ್ತು. ಬದಲಾದದ್ದು ನೋವಿನ ಸಂಕಟಕ್ಕೆ ಸಂಬಂಧಿಸಿದ ಸಿಂಗ್ಯುಲೇಟ್ ಭಾಗದ ಚಟುವಟಿಕೆ. ಅಂದರೆ ನೋವು ಗೊತ್ತಾಗುತ್ತದೆ, ಹಿಂಸೆ ತಗ್ಗುತ್ತದೆ. ಸಮ್ಮೋಹನ ಬರೀ ನಟನೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋರುವುದಿಲ್ಲ.

ಎಲ್ಲರೂ ಸಮ್ಮೋಹನಕ್ಕೆ ಒಂದೇ ಸಮ ಒಗ್ಗುವುದಿಲ್ಲ. ನೋವು, ಆತಂಕ, ಕರುಳಿನ ಕಿರಿಕಿರಿಗೆ ಇತರ ಚಿಕಿತ್ಸೆಯ ಜೊತೆಗೆ ನೆರವಾಗುತ್ತದೆ. ಹಿಂದಿನ ಜನ್ಮ ತೋರಿಸುತ್ತೇನೆ ಎನ್ನುವವರ ಬಳಿ ದುಡ್ಡು ಕಳೆಯಬೇಡಿ; ಸೂಚನೆಯಿಂದ ಸುಳ್ಳು ನೆನಪುಗಳೂ ಹುಟ್ಟುತ್ತವೆ.

ಇಂಥ ತೊಂದರೆಯಿದ್ದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ‘ಮನೋಚೈತನ್ಯ’ದ ಮಂಗಳವಾರದ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.