ರಕ್ತಹೀನತೆ ಇದ್ದರೆ ಸಕ್ಕರೆಯ ಲೆಕ್ಕ ತಪ್ಪೀತು!

ಮಧುಮೇಹ ಪತ್ತೆಗೆ ಎಚ್‌ಬಿಎ1ಸಿ ಪರೀಕ್ಷೆ ಜನಪ್ರಿಯ. ಉಪವಾಸ ಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕೆ ಒಪ್ಪಿಗೆ ನೀಡಿತು. ಫಲಿತಾಂಶ ಶೇ 6.5 ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಆದರೆ ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು. ಅದು ಹೇಗೆ?

ರಕ್ತದಲ್ಲಿನ ಗ್ಲೂಕೋಸ್ ಕೆಂಪು ಕಣಗಳ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕಣದ ಆಯುಸ್ಸು ಸುಮಾರು 120 ದಿನ. ಸೌದೆ ಒಲೆಯ ಮೇಲೆ ಹೆಚ್ಚು ದಿನ ಇದ್ದ ಪಾತ್ರೆಗೆ ಹೆಚ್ಚು ಮಸಿ ಹಿಡಿಯುವಂತೆ, ಕಣ ಹಳೆಯದಾದಷ್ಟೂ ಅಂಟಿದ ಸಕ್ಕರೆ ಹೆಚ್ಚು. ಕಬ್ಬಿಣಾಂಶದ ಕೊರತೆಯಾದಾಗ ಹೊಸ ಕಣಗಳ ಹುಟ್ಟು ಕುಂಠಿತವಾಗಿ ಹಳೆಯವುಗಳ ಪಾಲು ಹೆಚ್ಚುತ್ತದೆ. ಆಗ ಮಧುಮೇಹ ಇಲ್ಲದಿದ್ದರೂ ಅಂಕಿ ಏರಬಹುದು. ಕಬ್ಬಿಣಾಂಶದ ಮಾತ್ರೆ ಸೇವಿಸಿ ಹೊಸ ಕಣಗಳು ಹುಟ್ಟಿದಾಗ ಅದು ಇಳಿಯುತ್ತದೆ. ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಇದಕ್ಕೆ ತದ್ವಿರುದ್ಧ. ಕಣಗಳು ಬೇಗ ಸಾಯುವುದರಿಂದ ಅಂಕಿ ತಗ್ಗಿ, ಇರುವ ಮಧುಮೇಹವೇ ಮರೆಯಾಗಬಹುದು!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆದ್ದರಿಂದ ತಾಯಂದಿರು, ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪ್ರಮಾಣವನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅನುಮಾನವಿದ್ದರೆ ಪ್ರಯೋಗಾಲಯದಲ್ಲಿ ಉಪವಾಸದ ಗ್ಲೂಕೋಸನ್ನೇ ನೇರವಾಗಿ ಅಳೆಯಿಸಬಹುದು. ಒಂದೇ ಅಂಕಿ ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ. ವೈದ್ಯರಿಗೆ ಎರಡೂ ವರದಿ ತೋರಿಸಿ.